ಕೇಬಲ್ ಕೇಂದ್ರದ್ದಾದರೂ ರಸ್ತೆ ರಾಜ್ಯದ್ದು

ಪ್ರಶ್ನೆ: ದೂರಸಂಪರ್ಕವು ಕೇಂದ್ರದ ವಿಷಯವಾಗಿರುವಾಗ ಬ್ರಾಡ್‌ಬ್ಯಾಂಡ್ ವಿಚಾರದಲ್ಲಿ ರಾಜ್ಯ ಸರ್ಕಾರ ಯೋಜಿಸುವಂಥದ್ದೇನಿದೆ?

ಉತ್ತರ: ಪರವಾನಗಿ ಮತ್ತು ತರಂಗಾಂತರಗಳು ಕೇಂದ್ರದ ಕೈಯಲ್ಲಿರುವುದು ನಿಜವಾದರೂ, ಕೇಬಲ್ ಹೂಳಬೇಕಾದ ರಸ್ತೆಯಂಚು, ಅದನ್ನು ತೂಗುಹಾಕುವ ವಿದ್ಯುತ್ ಕಂಬ, ಸಂಪರ್ಕ ಉಪಕರಣದ ಪೆಟ್ಟಿಗೆ ಇಡುವ ಪಂಚಾಯಿತಿ ಕಟ್ಟಡ ಇವೆಲ್ಲ ಬಹುಮಟ್ಟಿಗೆ ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ಅಧೀನದಲ್ಲಿವೆ. ಅಗೆತದ ಅನುಮತಿ ತಡವಾದರೆ ಕೆಲಸವೇ ನಿಲ್ಲುತ್ತದೆ. 2025ರ ಜನವರಿ 1ರಿಂದ ಜಾರಿಗೆ ಬಂದಿರುವ ಮಾರ್ಗಹಕ್ಕು ನಿಯಮಗಳು, ಅಂದರೆ ಕೇಬಲ್ ಎಳೆಯಲು ಜಾಗ ಬಳಸುವ ಅನುಮತಿಯ ನಿಯಮಗಳು, ಈ ತೊಡಕಿನ ನಿವಾರಣೆಯನ್ನೇ ಉದ್ದೇಶಿಸಿವೆ. ಕೇರಳವು 2023ರಲ್ಲಿ ಉದ್ಘಾಟಿಸಿದ ಕೆ-ಫೋನ್ ಎಂಬ ತನ್ನದೇ ಇಂಟರ್ನೆಟ್ ಜಾಲವು ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿಕೊಂಡಿತು.

2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಕೇಂದ್ರದ ಯೋಜನೆಯು ಗ್ರಾಮ ಪಂಚಾಯಿತಿಯವರೆಗೆ ಫೈಬರ್ ಒಯ್ಯುವ ಗುರಿಯಿಂದ ಹೊರಟಿತು. ಆದರೆ ಪಂಚಾಯಿತಿ ಕಚೇರಿಗೆ ಬೀಗ ಬಿದ್ದು ವಿದ್ಯುತ್ ಹೋದರೆ, ಅಥವಾ ರಸ್ತೆ ಅಗಲಿಸುವ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕಿದರೆ, ಮೂಲೆಯ ಪೆಟ್ಟಿಗೆ ಕಣ್ಣು ಮುಚ್ಚುತ್ತದೆ. ಲೋಕೋಪಯೋಗಿ ಇಲಾಖೆಯ ಅಗೆತದ ವೇಳಾಪಟ್ಟಿಯನ್ನು ಕೇಬಲ್ ನಕ್ಷೆಯೊಂದಿಗೆ ತಾಳೆ ನೋಡುವ, ಅಷ್ಟೇನೂ ಸುದ್ದಿಯಾಗದ ಈ ಕೆಲಸವನ್ನು ರಾಜ್ಯವಲ್ಲದೆ ಬೇರಾರೂ ಮಾಡಲಾರರೆಂಬುದು ನಮ್ಮ ಅಭಿಪ್ರಾಯ.