ಲೋಗೋ ರೆಡಿ, ದುಡ್ಡು ಯಾವಾಗ?

ಸ್ವಂತವಾಗಿ ಡಿಸೈನ್ ಕೆಲಸ ಮಾಡುವವರು ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ದುಡ್ಡಿನದ್ದೇ. ಬಣ್ಣದ ಬಗ್ಗೆ ಒಬ್ಬರೂ ಕೇಳಿಲ್ಲ! ನಾನು 2006ರಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬ್ಯಾನರ್, ಆಮೇಲೆ ವೆಬ್‌ಸೈಟ್, ಈಗ ಹೆಚ್ಚಾಗಿ ಚಿತ್ರ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕಣ್ಣು ಮುಚ್ಚಿತು, ನಾನಿನ್ನೂ ಇದ್ದೇನೆ. ಉತ್ತರ ಕೊಡೋಕೆ ಅಷ್ಟು ಅರ್ಹತೆ ಸಾಕು ಅಂದುಕೊಂಡಿದ್ದೇನೆ.

ಒಂದು ಲೋಗೋಗೆ 8,000 ರೂಪಾಯಿ ಅಂದೆ. "ನಮ್ಮೂರ ಫ್ಲೆಕ್ಸ್ ಅಂಗಡಿಯಲ್ಲಿ 500ಕ್ಕೆ ಮಾಡಿಕೊಡ್ತಾರೆ" ಅಂದರು. ನಾನು ಕೇಳಿದ್ದು ಜಾಸ್ತಿಯಾಯಿತಾ?
— ಒಬ್ಬ ಓದುಗ, ತುಮಕೂರು

ಜಾಸ್ತಿ ಏನಲ್ಲ, ಕಡಿಮೆಯೇ ಆಗಿರಬಹುದು. ಫ್ಲೆಕ್ಸ್ ಅಂಗಡಿಯವರನ್ನು ಬೈಯಬೇಡಿ, ಅವರಿಗೆ ಲಾಭ ಬರೋದು ಚದರಡಿ ಲೆಕ್ಕದ ಪ್ರಿಂಟಿಂಗ್‌ನಿಂದ, ಡಿಸೈನ್ ಅನ್ನೋದು ಅಂಗಡಿಗೆ ಬಂದವರಿಗೆ ಕೊಡುವ ಕಾಫಿ ಇದ್ದಂತೆ. ನಿಮಗೆ ಆ ಪ್ರಿಂಟಿಂಗ್ ಇಲ್ಲವಲ್ಲ.

ನಾನು ಲೆಕ್ಕ ಹಾಕುವ ರೀತಿ ಇದು. ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಸಾಫ್ಟ್‌ವೇರ್ ಚಂದಾ, ಊಟ, ಮನೆಗೆ ಕೊಡೋದು, ಒಂದಿಷ್ಟು ಉಳಿತಾಯ, ಎಲ್ಲ ಸೇರಿ ತಿಂಗಳಿಗೆ 40,000 ಬೇಕು ಅಂತಿಟ್ಟುಕೊಳ್ಳಿ. ತಿಂಗಳಲ್ಲಿ 25 ದಿನ ಕೆಲಸ ಮಾಡ್ತೀನಲ್ಲ, ದಿನಕ್ಕೆ 1,600 ಸಾಕು ಅಂತ ನಾನೂ ಮೊದಮೊದಲು ಅಂದುಕೊಂಡಿದ್ದೆ. ಒಂದು ವರ್ಷ ಡೈರಿ ಬರೆದಿಟ್ಟೆ. ನೋಡಿದರೆ ದುಡ್ಡು ಹುಟ್ಟುವ ದಿನಗಳು ತಿಂಗಳಿಗೆ 14 ದಾಟುತ್ತಲೇ ಇರಲಿಲ್ಲ. ಉಳಿದದ್ದೆಲ್ಲ ಫೋನ್ ಮಾತು, ಕೊಟೇಶನ್ ಕಳಿಸೋದು, ಬಾಕಿ ಕೇಳೋದು, ಹೊಸದೇನಾದರೂ ಕಲಿಯೋದು, ಮತ್ತೆ ಸುಮ್ನೆ ಕೂತು ಯಾರಾದರೂ ಕರೆ ಮಾಡ್ತಾರಾ ಅಂತ ಕಾಯೋದು. 40,000ವನ್ನು 14ರಿಂದ ಭಾಗಿಸಿದರೆ ದಿನಕ್ಕೆ ಹೆಚ್ಚೂಕಡಿಮೆ 2,850. ನಿಮ್ಮ ಲೋಗೋಗೆ ನಾಲ್ಕು ದಿನ ಹಿಡಿದರೆ 11,400.

500ಕ್ಕೆ ಮಾಡಿಸುವವರು ಬೇರೆ ಗಿರಾಕಿ. ಅವರನ್ನು ನಗುನಗುತ್ತಾ ಫ್ಲೆಕ್ಸ್ ಅಂಗಡಿಗೇ ಕಳಿಸಿ. ಒಪ್ಪಿದವರ ಹತ್ತಿರ ಮಾತ್ರ ಎರಡು ವಿಷಯ ಬರೆದೇ ಕೊಡಿ: ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ. ಯಾಕೆಂದರೆ "ಇನ್ನೂ ಸ್ವಲ್ಪ ಗ್ರ್ಯಾಂಡ್ ಆಗಿ ಕಾಣ್ಬೇಕು" ಅನ್ನುವ ಮಾತಿಗೆ ಕೊನೆ ಅನ್ನೋದೇ ಇಲ್ಲ. ಒಂದು ಮದುವೆ ಕರೆಯೋಲೆಗೆ ನಾನು 17 ಸಲ ಗ್ರ್ಯಾಂಡ್ ಮಾಡಿಕೊಟ್ಟಿದ್ದೇನೆ. ಕೊನೆಗೆ ಅಚ್ಚಾದದ್ದು ಎರಡನೆಯದು.

ಒಂದು ಕಂಪನಿಗೆ ವೆಬ್‌ಸೈಟ್ ಮಾಡಿಕೊಟ್ಟು ಮೂರು ತಿಂಗಳಾಯಿತು, ದುಡ್ಡು ಬಂದಿಲ್ಲ. ಹಿಂದಿನ ಸಲ 60,000ದ ಬಿಲ್ಲಿಗೆ 54,000 ಮಾತ್ರ ಹಾಕಿದರು. ಕೇಳಿದರೆ ಮುಂದೆ ಕೆಲಸ ಕೊಡಲ್ಲವೇನೋ ಅಂತ ಭಯ.
— ಓದುಗಿ, ಮೈಸೂರು

ಮೊದಲು ಆ 6,000ದ ವಿಷಯ ಮುಗಿಸೋಣ. ಅದು ಬಹುಶಃ ಟಿಡಿಎಸ್. ವೃತ್ತಿಪರರಿಗೆ ವರ್ಷದಲ್ಲಿ 50,000 ದಾಟಿ ಕೊಟ್ಟರೆ ಕಂಪನಿ ಶೇ 10 ಹಿಡಿದು ನಿಮ್ಮ ಪ್ಯಾನ್ ನಂಬರಿಗೆ ಸರ್ಕಾರಕ್ಕೆ ಕಟ್ಟಬೇಕು. ಆದಾಯ ತೆರಿಗೆಯ ಪೋರ್ಟಲ್‌ಗೆ ಹೋಗಿ ನೋಡಿ. ಅಲ್ಲಿ ಕಂಡರೆ ಅದು ನಿಮ್ಮದೇ ದುಡ್ಡು, ರಿಟರ್ನ್ಸ್ ಹಾಕಿದಾಗ ತೆರಿಗೆಗೆ ಜಮಾ ಆಗುತ್ತದೆ, ಜಾಸ್ತಿ ಕಟ್ಟಿದ್ದರೆ ವಾಪಸ್ ಬರುತ್ತದೆ. ಅಲ್ಲಿ ಕಾಣಲಿಲ್ಲ ಅಂದರೆ ಹಿಡಿದವರು ಕಟ್ಟಿಲ್ಲ ಅಂತ, ಆಗ ಧೈರ್ಯವಾಗಿ ಕೇಳಿ.

ಇನ್ನು ಬಾಕಿ. ನನಗೂ ಒಂದು ಶಿಕ್ಷಣ ಸಂಸ್ಥೆ 35,000 ಬಾಕಿ ಇಟ್ಟಿತ್ತು. ಹೋದಾಗಲೆಲ್ಲ ಅಕೌಂಟ್ಸ್‌ನವರು ಟೀ ಕೊಡ್ತಿದ್ದರು, "ಸಾಹೇಬ್ರು ಊರಲ್ಲಿಲ್ಲ" ಅಂತಿದ್ದರು. ಏಳು ಸಲ ಟೀ ಕುಡಿದೆ. ದುಡ್ಡು ಮಾತ್ರ ಬರಲೇ ಇಲ್ಲ, ತಪ್ಪು ನನ್ನದೂ ಇತ್ತು, ಎಲ್ಲ ಬಾಯಿಮಾತಲ್ಲೇ ಮಾಡಿದ್ದೆ. ಬಿಲ್ಲಿನ ಮೇಲೆ ಯಾವತ್ತಿನೊಳಗೆ ಕೊಡಬೇಕು ಅಂತಲೂ ಬರೆದಿರಲಿಲ್ಲ.

ನಾನು ತಡವಾಗಿ ತಿಳಿದುಕೊಂಡದ್ದು ಏನಂದರೆ, ನಮ್ಮಂಥ ಒಬ್ಬರೇ ಕೂತು ದುಡಿಯುವವರೂ ಕಾನೂನಿನ ಕಣ್ಣಲ್ಲಿ ಸಣ್ಣ ಉದ್ದಿಮೆಯೇ. ಉದ್ಯಮ್ ಅಂತ ಸರ್ಕಾರದ ನೋಂದಣಿ ಇದೆ, ಪೂರ್ತಿ ಉಚಿತ, ಮನೆಯಲ್ಲೇ ಕೂತು ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಮಾಡಬಹುದು. ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ. 2006ರ ಎಂಎಸ್ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ ಇಂಥವರಿಗೆ 45 ದಿನದೊಳಗೆ ದುಡ್ಡು ಕೊಡಲೇಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದಲ್ಲದೆ 2024ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಬಂದಿದೆ. ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವ ತನಕ ಆ ಖರ್ಚನ್ನು ಕಂಪನಿ ತನ್ನ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಹಾಗಾಗಿ ಈಗ ಮಾರ್ಚ್ ಬಂತೆಂದರೆ ಅಕೌಂಟೆಂಟರೇ ಫೋನ್ ಮಾಡಿ ಉದ್ಯಮ್ ನಂಬರ್ ಕೇಳುತ್ತಾರೆ! ಈ ನೋಂದಣಿಯನ್ನು ಕೆಲಸ ಶುರು ಮಾಡುವ ಮೊದಲೇ ಮಾಡಿಸಿಕೊಂಡಿರಬೇಕು, ಜಗಳ ಆದ ಮೇಲೆ ಅಲ್ಲ.

ನೀವು ಈಗ ಮಾಡಬೇಕಾದದ್ದು ಒಂದು ಮೇಲ್. ಬಿಲ್ ನಂಬರ್, ತಾರೀಕು, ಮೊತ್ತ, ಎಷ್ಟು ದಿನ ಆಯಿತು, ಅಷ್ಟೇ. ಕೋಪ ಬೇಡ, "ದಯವಿಟ್ಟು ಕ್ಷಮಿಸಿ" ಅಂತಲೂ ಬೇಡ. ಕೆಲಸ ಕೊಡಲ್ಲವೇನೋ ಅನ್ನುವ ಭಯಕ್ಕೆ ನನ್ನ ಪ್ರಶ್ನೆ: ದುಡ್ಡು ಬರದ ಕೆಲಸ ಇನ್ನೊಂದು ಸಿಕ್ಕಿ ಏನು ಮಾಡ್ತೀರಿ?

ಫೋಟೋಶಾಪ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಬಿಟ್ಟುಹೋಗಿ ಪಕ್ಕಕ್ಕೆ ಬಂದು ಕೂರುತ್ತದೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಸೈಟಿಗೆ ಹಾಕಿದರೆ ಏನೇನೋ ಅಕ್ಷರ ಬರುತ್ತದೆ. ಏನು ಮಾಡಲಿ?
— ಓದುಗ, ದಾವಣಗೆರೆ

ಅಬ್ಬ, ಕೊನೆಗೂ ಒಬ್ಬರು ಅಕ್ಷರದ ಬಗ್ಗೆ ಕೇಳಿದರು.

ಫೋಟೋಶಾಪ್‌ನ ತೊಂದರೆ ಸಣ್ಣದು. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತಿದೆ, ಅಲ್ಲಿ ಟೆಕ್ಸ್ಟ್ ಎಂಜಿನ್ ಬದಲಿಸಬೇಕು. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು "ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್", ಆಮೇಲಿನ ಕೆಲವು ಆವೃತ್ತಿಗಳಲ್ಲಿ "ವರ್ಲ್ಡ್-ರೆಡಿ ಲೇಔಟ್". ಅದನ್ನು ಆರಿಸಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲೂ ವರ್ಲ್ಡ್-ರೆಡಿ ಕಂಪೋಸರ್ ಹಾಕಿ, ಹೊಸ ಫೈಲ್ ತೆಗೆದು ನೋಡಿ. ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ವರ್ಷ ನಾನು ಒತ್ತಕ್ಷರಗಳನ್ನು ಬೇರೆ ಲೇಯರ್‌ನಲ್ಲಿ ಬರೆದು, ಎಳೆದುಕೊಂಡು ಹೋಗಿ ಅಕ್ಷರದ ಕೆಳಗೆ ಅಂಟಿಸುತ್ತಿದ್ದೆ. "ರಾಷ್ಟ್ರೀಯ" ಅಂತ ಬಂದರೆ ಎದೆ ಧಸಕ್ಕೆನ್ನುತ್ತಿತ್ತು.

ನುಡಿಯದ್ದು ಬೇರೆ ಕತೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೊಳಗೆ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ಅಂಗಿ ತೊಟ್ಟಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಅಂಗಿ ಬಿಚ್ಚಿಹೋಗುತ್ತದೆ, ತಲೆ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ವೆಬ್‌ಸೈಟಿಗೆ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಬಿಟ್ಟು ಬೇರೇನೂ ಹಾಕಬೇಡಿ. ನುಡಿಯಲ್ಲೂ ಯುನಿಕೋಡ್ ಆಯ್ಕೆ ಇದೆ. ಹಳೆಯ ಪಠ್ಯವನ್ನು ಬದಲಿಸುವ ಉಚಿತ ಪರಿವರ್ತಕಗಳೂ ಇವೆ, ಆದರೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಗಿರಾಕಿ ಹೇಳೋದು ಬರೀ "ಅಕ್ಷರ ಸರಿ ಕಾಣಲ್ಲ" ಅಂತ, ನಿಜವಾದ ನಷ್ಟ ಇನ್ನೊಂದಿದೆ. ಯುನಿಕೋಡ್ ಅಲ್ಲದ ಪುಟ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದೇ ಇಲ್ಲ.

ಫಾಂಟಿಗೆ ಬರವಿಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಗಿರಾಕಿಯ ಕೆಲಸಕ್ಕೂ ಬಳಸಬಹುದು. ಬೆಣ್ಣೆ ಅಂತಲೂ ಒಂದು ಫಾಂಟ್ ಇದೆ, ದಾವಣಗೆರೆಯವರು ಬಿಡೋದುಂಟೇ? ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಫಾಂಟ್ ಅಳತೆಯ 1.7 ಪಟ್ಟು ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ.

ನಾನು ಡಿಸೈನರ್ ಅಲ್ಲ, ಸೀರೆ ಅಂಗಡಿ ಇಟ್ಟಿದ್ದೇನೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನೇ ಎತ್ತುತ್ತಿಲ್ಲ. ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ಅವನ ಹೆಸರಲ್ಲಿದೆಯಂತೆ.
— ವ್ಯಾಪಾರಿ, ಹುಬ್ಬಳ್ಳಿ

ಬೇಜಾರಾಗಬೇಡಿ ಸರ್, ಆ ಹುಡುಗ ಮೋಸ ಮಾಡಬೇಕು ಅಂತಲೇ ಮಾಡಿರಲಿಕ್ಕಿಲ್ಲ. ಗಿರಾಕಿಗೆ ಕಾರ್ಡ್ ಬಳಸೋಕೆ ಹೆದರಿಕೆ, ಇವನಿಗೆ ಅರ್ಜೆಂಟು, ತನ್ನ ಇಮೇಲ್‌ನಲ್ಲೇ ಕೊಂಡುಬಿಡುತ್ತಾನೆ. ನಾನೂ ಹಾಗೆ ಮಾಡಿದ್ದೇನೆ. ಆಮೇಲೆ ವರ್ಷ ವರ್ಷ ನವೀಕರಣದ ದುಡ್ಡು ಕೇಳೋಕೆ ಸಂಕೋಚ.

ಅವನು ಸಿಕ್ಕರೆ ಬೈಯೋದಕ್ಕೆ ಮೊದಲು ಒಂದೇ ಕೇಳಿ: ಡೊಮೈನ್ ವರ್ಗಾವಣೆಯ ಕೋಡ್. ಹಳೆಯ ಬಾಕಿ ಇದ್ದರೆ ಕೊಟ್ಟುಬಿಡಿ (ನಿಜ ಹೇಳಿ, ಇದೆ ಅಲ್ವಾ?). ಹೆಸರಿನ ಕೊನೆಯಲ್ಲಿ ಡಾಟ್ ಇನ್ ಇದ್ದು, ಅಂಗಡಿ ಹೆಸರಿನ ಟ್ರೇಡ್‌ಮಾರ್ಕ್ ನಿಮ್ಮದಾಗಿದ್ದರೆ ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ವಿವಾದ ವ್ಯವಸ್ಥೆಗೆ ದೂರು ಕೊಡಬಹುದು. ಆದರೆ ಅದು ಖರ್ಚಿನ ದಾರಿ. ಮುಂದಿನ ಸಲ ಡೊಮೈನ್, ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಎರಡೂ ನಿಮ್ಮ ಇಮೇಲ್, ನಿಮ್ಮ ಕಾರ್ಡ್. ಡಿಸೈನರ್‌ಗೆ ಬರೀ ಒಳಗೆ ಹೋಗುವ ಪಾಸ್‌ವರ್ಡ್ ಕೊಡಿ.

ಲೋಗೋ ಮಾಡಿಸಿದ್ದರೆ ಅದರ ಹಕ್ಕನ್ನೂ ಬರೆಸಿಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ನಿಮಗೆ ಬಂದಂತಲ್ಲ. 1957ರ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದೇ ವರ್ಷ.

ಗಿರಾಕಿಗಳು ಈಗ ಎಐನಲ್ಲಿ ಚಿತ್ರ ಮಾಡಿಕೊಂಡು ಬಂದು "ಸ್ವಲ್ಪ ಸರಿ ಮಾಡಿಕೊಡಿ, ನೂರು ರೂಪಾಯಿ ಕೊಡ್ತೀನಿ" ಅಂತಾರೆ. ಮಾಡಬೇಕಾ?
— ಓದುಗ, ಕುಂದಾಪುರ

ಮಾಡಿ, ಆದರೆ ನೂರಕ್ಕಲ್ಲ. ಹೋದ ತಿಂಗಳು ನನಗೂ ಒಂದು ಬಂತು. ಯಕ್ಷಗಾನದ ಪೋಸ್ಟರ್ ಅಂತೆ. ತಲೆಗೆ ಕೇದಗೆ ಮುಂದಲೆಯ ಹಾಗೆ ಏನೋ ಇತ್ತು, ಮುಖದ ಬಣ್ಣ, ಸೊಂಟದಿಂದ ಕೆಳಗಿನ ಬಟ್ಟೆ ಪೂರ್ತಿ ಕಥಕ್ಕಳಿಯದು. ಹೆಸರು ಕನ್ನಡದಂತೆ ಕಾಣುತ್ತಿತ್ತು, ಓದೋಕೆ ಹೋದರೆ ಯಾವ ಭಾಷೆಯೂ ಅಲ್ಲ. ಲೇಯರ್ ಇಲ್ಲ, ಅಳತೆ ಸಾಲದು. "ಇದನ್ನು ಸರಿ ಮಾಡೋದು ಹೊಸದಾಗಿ ಬರೆಯೋದಕ್ಕಿಂತ ಕಷ್ಟ, ಇದನ್ನು ಮಾದರಿಯಾಗಿ ಇಟ್ಟುಕೊಂಡು ಹೊಸದೇ ಬರೀತೀನಿ" ಅಂದೆ. ಒಪ್ಪಿದರು. ನಿಮ್ಮೂರಲ್ಲಾದರೆ ಆ ತಪ್ಪು ಸಣ್ಣ ಮಕ್ಕಳಿಗೂ ಕಾಣುತ್ತದೆ, ಅದನ್ನೇ ಗಿರಾಕಿಗೆ ತೋರಿಸಿ.

ಹಾಗಂತ ಎಲ್ಲ ಸರಿಯಿದೆ ಅಂತ ಸುಳ್ಳು ಹೇಳಲ್ಲ. ಹುಟ್ಟುಹಬ್ಬದ ಪೋಸ್ಟರು, ಹಬ್ಬದ ಶುಭಾಶಯ, ಇಂಥ ಸಣ್ಣ ಕೆಲಸಗಳು ನನಗೆ ಬರೋದು ನಿಂತೇಹೋಗಿದೆ. ಅವು ತಿರುಗಿ ಬರುತ್ತವೆ ಅಂತ ನಾನು ಕಾಯುತ್ತಿಲ್ಲ.

ಮಣಿಕಟ್ಟು ನೋವು. ಮೌಸ್ ಬದಲಿಸಲಾ?
— ಓದುಗಿ, ಬೆಂಗಳೂರು

ಮೊದಲು ಡಾಕ್ಟರಿಗೆ ತೋರಿಸಿ, ಬೆರಳು ಜುಮ್ಮೆನ್ನುತ್ತಿದ್ದರಂತೂ ನಾಳೆಗೆ ಇಡಬೇಡಿ. ನಾನು ಉದಾಸೀನ ಮಾಡಿ ಎರಡು ತಿಂಗಳು ಪೆನ್ ಹಿಡಿಯಲಾಗದೆ ಕೂತಿದ್ದೆ. ನಮ್ಮ ಕೆಲಸದಲ್ಲಿ ಸಿಕ್ ಲೀವ್ ಇಲ್ಲ.

ನನ್ನ ಮಗ ಕೆಲಸ ಬಿಟ್ಟು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ರಾತ್ರಿ ಎಚ್ಚರ, ಬೆಳಿಗ್ಗೆ ನಿದ್ದೆ. ಮದುವೆ ಮಾತುಕತೆಗೆ ಹೋದರೆ ಹುಡುಗ ಏನು ಮಾಡ್ತಾನೆ ಅಂತ ಕೇಳ್ತಾರೆ. ಏನು ಹೇಳಲಿ?
— ಒಬ್ಬ ತಾಯಿ, ಸಾಗರ

ಅಮ್ಮ, ನನ್ನ ಅಮ್ಮನೂ ಹೀಗೇ ಕೇಳುತ್ತಿದ್ದರು. ನಿಮ್ಮೂರಲ್ಲಿ ಒಳ್ಳೆಯ ಟೈಲರ್ ಒಬ್ಬರು ಇರ್ತಾರಲ್ಲ, ಅಂಗಡಿ ಅವರದೇ, ಸಂಬಳ ಕೊಡುವವರಿಲ್ಲ, ಮದುವೆ ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಆಷಾಢದಲ್ಲಿ ನೊಣ ಹೊಡೆಯೋದು. ನಿಮ್ಮ ಮಗನದ್ದೂ ಅದೇ ಥರದ ಕೆಲಸ. ಬಟ್ಟೆ ಬದಲು ವೆಬ್‌ಸೈಟು.

ರಾತ್ರಿ ಎಚ್ಚರ ಇದ್ದರೆ ಗಿರಾಕಿಗಳು ಅಮೆರಿಕದವರಿರಬಹುದು. ಇಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ ಹನ್ನೆರಡು. ಇಲ್ಲಾಂದರೆ ಸಿನಿಮಾ ನೋಡುತ್ತಿದ್ದಾನೆ, ಅದನ್ನು ನೀವೇ ವಿಚಾರಿಸಬೇಕು!

ಒಂದು ಮಾತ್ರ ಅವನ ಹತ್ತಿರ ಕೂತು ಕೇಳಿ. ಪ್ರತಿ ವರ್ಷ ರಿಟರ್ನ್ಸ್ ಹಾಕ್ತಿದ್ದಾನಾ? ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಎರಡು ಮೂರು ವರ್ಷದ್ದು ಕೇಳುತ್ತಾರೆ, ಪೇ ಸ್ಲಿಪ್ ಇಲ್ಲದವರಿಗೆ ಅದೇ ಆಧಾರ. ಹೆಣ್ಣಿನ ಕಡೆಯವರು ಅನುಮಾನಪಟ್ಟರೆ ಅದನ್ನೇ ಮುಂದಿಡಿ. ಏನು ಕೆಲಸ ಅಂದರೆ "ಸ್ವಂತ ಡಿಸೈನ್ ಕೆಲಸ" ಅಂತ ಹೇಳಿ, "ಮನೇಲೇ ಇರ್ತಾನೆ" ಅನ್ನಬೇಡಿ, ಎರಡೂ ನಿಜ, ಮೊದಲನೆಯದು ಸಾಕು.

ಮತ್ತೆ ರಾತ್ರಿ ಅವನು ಬಾಗಿಲು ಹಾಕಿಕೊಂಡು ಇಂಗ್ಲಿಷ್‌ನಲ್ಲಿ ಮಾತಾಡ್ತಿರೋದು ಕೇಳಿಸಿದರೆ ಅರ್ಧ ಗಂಟೆ ದೋಸೆ ಹಿಟ್ಟಿನ ಗ್ರೈಂಡರ್ ಹಾಕಬೇಡಿ ಅಮ್ಮ, ಅಷ್ಟು ಮಾಡಿ ಸಾಕು.