ತಲೆಯಾಡಿಸುವವರಿಲ್ಲದ ಪರೀಕ್ಷೆ

ವಿದೇಶದಲ್ಲಿ ವೈದ್ಯಪದವಿ ಪಡೆದು ಬಂದವರು ನಮ್ಮ ದೇಶದಲ್ಲಿ ವೃತ್ತಿ ನಡೆಸಬೇಕಾದರೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2002ರ ನಿಯಮಾವಳಿಯಿಂದ ಬಂದ ಈ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಒಂದೇ ದಿನದಲ್ಲಿ 300 ಬಹುಆಯ್ಕೆ ಪ್ರಶ್ನೆಗಳು. ಮೊದಲ ಭಾಗದಲ್ಲಿ 150, ವಿರಾಮದ ನಂತರ ಮತ್ತೆ 150. ಒಂದೊಂದು ಭಾಗಕ್ಕೂ 150 ನಿಮಿಷ. ಒಟ್ಟಾರೆ 150 ಅಂಕ ಬಂದರೆ ಸಾಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹೀಗೆ ಹೇಳಿದಾಗ ಸುಲಭವೆನಿಸುವ ಈ ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದವರ ಪೈಕಿ ಕಾಲು ಭಾಗದಷ್ಟು ಮಂದಿಯೂ ಪಾಸಾಗಿಲ್ಲ. ಪರೀಕ್ಷೆಯ ದಿನ ಹತ್ತಿರವಾದಂತೆ ಮಲ್ಲೇಶ್ವರದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಇಂಥ ಯುವವೈದ್ಯರು ಬರುತ್ತಾರೆ, ಬಂದವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ‘ಓದಿದ್ದೀನಿ ಮೇಡಂ, ಆದ್ರೆ ಅಲ್ಲಿ ಕೂತ ಮೇಲೆ ತಲೆ ಖಾಲಿಯಾಗುತ್ತೆ.’ ಅವರಲ್ಲಿ ಒಬ್ಬಳ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಆಕೆಯನ್ನು ವಸುಧಾ ಎಂದು ಕರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ದೇಶವೊಂದರಲ್ಲಿ ಆರು ವರ್ಷ ಓದಿ ಬಂದಿದ್ದ ವಸುಧಾ ಮೊದಲ ಪ್ರಯತ್ನದಲ್ಲಿ 143 ಅಂಕ ಪಡೆದು ಅನುತ್ತೀರ್ಣಳಾಗಿದ್ದಳು. ಮಗಳ ಓದಿಗಾಗಿ ತಂದೆ ಸೈಟನ್ನು ಅಡವಿಟ್ಟಿದ್ದರು. ರಾಜಾಜಿನಗರದ ಅವರ ಬೀದಿಯವರು ಆಗಲೇ ಆಕೆಯನ್ನು ಡಾಕ್ಟರಮ್ಮ ಎಂದು ಕರೆಯಲು ಶುರುಮಾಡಿದ್ದರಿಂದ ಆಕೆ ಹಾಲು ತರಲು ಹೊರಗೆ ಹೋಗುವುದನ್ನೂ ಬಿಟ್ಟಿದ್ದಳು. ಮೊದಲ ಭೇಟಿಯಲ್ಲಿಯೇ, ಬದುಕುವುದು ಬೇಡ ಎಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಪರೀಕ್ಷೆಯಲ್ಲಿ ಸೋತು ಬಂದ ಯಾರನ್ನೂ ನಾನು ಈ ಪ್ರಶ್ನೆ ಕೇಳದೆ ಕಳಿಸುವುದಿಲ್ಲ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ಭಯ. ಆಕೆಗೆ ಅಂಥ ಯೋಚನೆ ಇರಲಿಲ್ಲ. ಆದರೂ ರಾತ್ರಿ ಹೊತ್ತು ಅಗತ್ಯವೆನಿಸಿದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ತಂದೆ ಕೇಳಿದ್ದು ಮಾತ್ರೆ. ಪರಿಚಯದ ಹುಡುಗನೊಬ್ಬ ಪರೀಕ್ಷೆಯ ಬೆಳಿಗ್ಗೆ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ನುಂಗಿ ಪಾಸಾದನಂತೆ. ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ, ಬೇಕೆನಿಸಿದರೆ ಮನೋವೈದ್ಯರನ್ನು ಕಾಣಬೇಕು ಎಂದೆ. ಚಿಕ್ಕಂದಿನಲ್ಲಿ ಆಸ್ತಮಾ ಇದ್ದವಳಿಗೆ ಆ ಮಾತ್ರೆ ಅಪಾಯಕಾರಿಯಾಗಬಲ್ಲದು ಎಂಬುದನ್ನು ಅಪ್ಪನಿಗೆ ಬಿಡಿಸಿ ಹೇಳಿದವಳು ವಸುಧಾಳೇ. ಆ ಒಂದು ನಿಮಿಷ ಆಕೆಯ ದನಿಯಲ್ಲಿ ಅಳುಕಿರಲಿಲ್ಲ. ನನ್ನ ಮುಂದೆ ಕೂತಿದ್ದವಳು ವೈದ್ಯೆಯಾಗಿದ್ದಳು.

ಮೂರನೆಯ ಭೇಟಿಯಲ್ಲಿ ನಾವು ಪರೀಕ್ಷೆಯ ದಿನವನ್ನು ಗಂಟೆಗಂಟೆಯಾಗಿ ಮತ್ತೆ ನಡೆದು ನೋಡಿದೆವು. ಮೊದಲ ಭಾಗ ಮುಗಿಸಿ ಹೊರಬಂದಾಗಲೇ ತಾನು ಫೇಲ್ ಎಂದು ಗೊತ್ತಾಗಿತ್ತು ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

‘ಎಣಿಸ್ಕೊಂಡೆ ಮೇಡಂ. ವಿರಾಮದಲ್ಲಿ ನಾಲ್ಕೈದು ಜನ ಸೇರಿ ಉತ್ತರ ಮಾತಾಡ್ತಿದ್ವಿ. ನಂದು ಮೂವತ್ತೆಂಟು ತಪ್ಪಾಗಿತ್ತು.’

‘ನೂರೈವತ್ತರಲ್ಲಿ ಮೂವತ್ತೆಂಟು. ಮಿಕ್ಕ ನೂರ ಹನ್ನೆರಡು?’

ಆಕೆ ನನ್ನ ಮುಖವನ್ನೇ ನೋಡಿದಳು. ಆ 112ನ್ನು ಆಕೆ ಎಣಿಸಿಯೇ ಇರಲಿಲ್ಲ. ಅವೆಲ್ಲ ಸರಿಯಾಗಿದ್ದವು ಎಂದು ನಾನು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಆದರೆ ಅರ್ಧ ದಾರಿಯಲ್ಲಿ 75 ಸರಿ ಇದ್ದರೆ ಸಾಕಾಗಿದ್ದ ಪರೀಕ್ಷೆಯಲ್ಲಿ, ತನ್ನದೇ ಲೆಕ್ಕದ ಪ್ರಕಾರ ಇನ್ನೂ ಗಟ್ಟಿಯಾಗಿ ನಿಂತಿದ್ದವಳು ಮುಳುಗಿಹೋದೆ ಎಂದುಕೊಂಡು ಎರಡನೆಯ ಭಾಗಕ್ಕೆ ಕೂತಿದ್ದಳು. ಆ ಭಾಗದಲ್ಲಿ ಏನಾಯಿತು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಪ್ರತಿ ಪ್ರಶ್ನೆಯನ್ನೂ ಮೂರು ಮೂರು ಬಾರಿ ಓದುತ್ತಿದ್ದೆ, ಸಮಯ ಮುಗಿದಾಗ 22 ಪ್ರಶ್ನೆಗಳು ಹಾಗೆಯೇ ಉಳಿದಿದ್ದವು ಎಂದಳು. ತಪ್ಪಿಗೆ ದಂಡವಿಲ್ಲದ ಪರೀಕ್ಷೆಯಲ್ಲಿ 22 ಪ್ರಶ್ನೆಗಳು ಮುಟ್ಟದೆ ಉಳಿದಿದ್ದವು, ಪಾಸಾಗಲು ಬೇಕಿದ್ದದ್ದು ಇನ್ನು ಏಳೇ ಅಂಕ.

ಯಾಕೆ ಎಣಿಸಬೇಕೆನಿಸಿತು ಎಂಬ ನನ್ನ ಪ್ರಶ್ನೆಗೆ ಆಕೆ ಕೊಟ್ಟ ಉತ್ತರವೇ ಈ ಬರಹಕ್ಕೆ ಕಾರಣ. ಆಕೆ ಓದಿದ ಕಡೆ ಮುಖ್ಯ ಪರೀಕ್ಷೆಗಳು ಮೌಖಿಕ. ಮೇಜಿನ ಮೇಲಿನ ಚೀಟಿಗಳಲ್ಲಿ ಒಂದನ್ನು ಎತ್ತಿ, ಅದರಲ್ಲಿರುವ ಪ್ರಶ್ನೆಗಳಿಗೆ ಪ್ರಾಧ್ಯಾಪಕರ ಎದುರು ಕೂತು ಉತ್ತರ ಹೇಳಬೇಕು. ‘ಅಲ್ಲಿ ಪ್ರೊಫೆಸರ್ ತಲೆ ಆಡಿಸ್ತಿದ್ರು ಮೇಡಂ. ಹುಬ್ಬು ಗಂಟಿಕ್ಕಿದ್ರೆ ತಪ್ಪು ಅಂತ ಗೊತ್ತಾಗ್ತಿತ್ತು, ತಿದ್ಕೋತಿದ್ದೆ. ಇಲ್ಲಿ ಸ್ಕ್ರೀನ್ ಏನೂ ಹೇಳಲ್ಲ.’

ನನಗೆ ಆ ಕ್ಷಣದವರೆಗೆ ಇದು ಹೊಳೆದಿರಲಿಲ್ಲ. ಇಂಥವರ ಕಷ್ಟವನ್ನು ಧೈರ್ಯದ ಕೊರತೆಯೆಂದೋ ಏಕಾಗ್ರತೆಯ ಕೊರತೆಯೆಂದೋ ತಿಳಿದು ಸಲಹೆ ಕೊಡುತ್ತಿದ್ದೆ. ಆದರೆ ಆರು ವರ್ಷ ಎದುರಿನ ಮುಖವನ್ನು ಓದಿಕೊಂಡು ಉತ್ತರಿಸಿದ ಮನಸ್ಸನ್ನು ಐದು ಗಂಟೆ ಮುಖವೇ ಇಲ್ಲದ ಪರದೆಯ ಮುಂದೆ ಕೂರಿಸಿದಾಗ, ಅದು ತಾನೇ ಪರೀಕ್ಷಕನ ಕುರ್ಚಿಗೆ ಹೋಗಿ ಕೂರುತ್ತದೆ. ಒಂದೊಂದು ಉತ್ತರಕ್ಕೂ ತೀರ್ಪು ಕೊಡುತ್ತಾ ಹೋಗುತ್ತದೆ. ಉತ್ತರಿಸುವುದು, ಅಂಕ ಹಾಕುವುದು ಎರಡನ್ನೂ ಒಬ್ಬರೇ ಏಕಕಾಲಕ್ಕೆ ಮಾಡಲಾಗದು. ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳೇ ಕೆಲವು. ಅದರಲ್ಲಿ ಅರ್ಧ ಜಾಗವನ್ನು ಹಿಂದಿನ ಪ್ರಶ್ನೆಯ ಚಿಂತೆ ಆಕ್ರಮಿಸಿದರೆ, ರೋಗಿಯ ವಯಸ್ಸು, ಲಕ್ಷಣ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ಕೂಡಿಸಿ ನೋಡಬೇಕಾದ ಮುಂದಿನ ಪ್ರಶ್ನೆಗೆ ಜಾಗ ಸಾಲದು. ಮೂರು ಮೂರು ಬಾರಿ ಓದಬೇಕಾಗಿ ಬಂದದ್ದು ಅದಕ್ಕೇ.

ಆದ್ದರಿಂದ ನಾನು ಆಕೆಗೆ ‘ಶಾಂತವಾಗಿರಿ’ ಎಂದು ಹೇಳಲಿಲ್ಲ. ಈ ವಿಷಯದಲ್ಲಿ ಕೆಲವು ಸಹೋದ್ಯೋಗಿಗಳಿಗೆ ನನ್ನ ಮೇಲೆ ಅಸಮಾಧಾನವಿದೆ. ಧ್ಯಾನ, ವಿಶ್ರಾಂತಿಯ ಅಭ್ಯಾಸಗಳನ್ನು ನಾನು ಕಡೆಗಣಿಸುತ್ತೇನೆ ಎನ್ನುತ್ತಾರೆ. ಕಡೆಗಣಿಸುವುದಿಲ್ಲ. ಆದರೆ ಶಾಂತಿಯನ್ನೇ ಗುರಿಯಾಗಿಟ್ಟರೆ, ಎದೆ ಬಡಿದುಕೊಂಡ ಕೂಡಲೇ ಈ ಮಕ್ಕಳಿಗೆ ಎರಡನೆಯ ಸೋಲು ಕಾಣಿಸುತ್ತದೆ: ಉತ್ತರವೂ ಬರಲಿಲ್ಲ, ಶಾಂತವಾಗಿರಲೂ ಆಗಲಿಲ್ಲ. ಮನೆಮಂದಿಯ ಆರು ವರ್ಷದ ಸಾಲ ಒಂದು ದಿನದ ಮೇಲೆ ನಿಂತಿರುವಾಗ ಎದೆ ಬಡಿದುಕೊಳ್ಳದಿದ್ದರೆ ಅದೇ ಆಶ್ಚರ್ಯ. ಬಡಿಯುವ ಎದೆಯೊಂದಿಗೇ ಕೆಲಸ ಮುಂದುವರಿಯಬಲ್ಲದು ಎಂಬುದನ್ನು ಅವರು ಪರೀಕ್ಷೆಗೆ ಮೊದಲೇ ಕಂಡುಕೊಂಡಿರಬೇಕು, ಅದು ಮಾತಿನಿಂದ ಬರುವುದಿಲ್ಲ.

ಹಾಗಾಗಿ ನಾನು ಹೇಳಿದ ಮೊದಲ ಕೆಲಸ, ಪ್ರತಿ ಭಾನುವಾರ ಇಡೀ 300 ಪ್ರಶ್ನೆಗಳ ಮಾದರಿ ಪರೀಕ್ಷೆಯನ್ನು ಪರೀಕ್ಷೆಯದೇ ವೇಳೆಗೆ ಬರೆಯುವುದು; ಅದೂ ಮನೆಯ ಕೋಣೆಯಲ್ಲಲ್ಲ, ಕುರ್ಚಿ ಎಳೆಯುವ ಸದ್ದು, ಕೆಮ್ಮು, ಓಡಾಟ ಇರುವ ವಾಚನಾಲಯದಲ್ಲಿ. ಎರಡನೆಯದು, ಪ್ರಶ್ನೆ ತಿಳಿಯದಿದ್ದರೂ ಒಂದು ಉತ್ತರವನ್ನು ಗುರುತಿಸಿ, ಮತ್ತೆ ನೋಡಬೇಕಾದದ್ದೆಂದು ಚಿಹ್ನೆ ಹಾಕಿ ಮುಂದೆ ಹೋಗುವುದು. ಖಾಲಿ ಬಿಟ್ಟು ಹೋಗುವಂತಿಲ್ಲ. ಪ್ರತಿ 50 ಪ್ರಶ್ನೆಗೊಮ್ಮೆ ಪರದೆಯಿಂದ ಕಣ್ಣು ತೆಗೆದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಐದು ಬಾರಿ ಉಸಿರು ಹೊರಬಿಡುವುದು. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಅನುಮಾನ ಕಂಡಿತು. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ಹೃದಯದ ಬಡಿತ ತಗ್ಗುತ್ತದೆ ಎಂಬುದು ನೀವೇ ಓದಿರುವ ಶರೀರಕ್ರಿಯಾಶಾಸ್ತ್ರ ಅಲ್ಲವೇ ಎಂದಾಗ ಒಪ್ಪಿಕೊಂಡಳು. ವೈದ್ಯರಿಗೆ ಸಲಹೆ ಕೊಡುವಾಗ ಅವರಿಗೆ ಗೊತ್ತಿರುವ ಭಾಷೆಯಲ್ಲೇ ಹೇಳಬೇಕು.

ಎಲ್ಲಕ್ಕಿಂತ ಒತ್ತಿ ಹೇಳಿದ್ದು ವಿರಾಮದ ಬಗ್ಗೆ. ಆ ಹೊತ್ತಿನಲ್ಲಿ ಯಾರೊಡನೆಯೂ ಉತ್ತರದ ಮಾತಿಲ್ಲ. ಹೊಟ್ಟೆ ಭಾರವಾಗದಷ್ಟು ಊಟ, ನೀರು, ನಡಿಗೆ. ಯಾರಾದರೂ ಬಂದು ಕೇಳಿದರೆ ಹೇಳಬೇಕಾದ ವಾಕ್ಯವನ್ನೂ ಮೊದಲೇ ನಿರ್ಧರಿಸಿದೆವು: ‘ಸಂಜೆ ಮಾತಾಡೋಣ.’ ಮಾದರಿ ಪರೀಕ್ಷೆಯ ವಿರಾಮಗಳಲ್ಲಿ ಆಕೆಯ ತಮ್ಮ ಬೇಕೆಂದೇ ಬಂದು ‘ಅಕ್ಕಾ, ಆ ಹನ್ನೆರಡನೇ ಪ್ರಶ್ನೆಗೆ ಏನು ಹಾಕ್ದೆ?’ ಎಂದು ಕೇಳುತ್ತಿದ್ದ, ಆಕೆ ಅದೇ ವಾಕ್ಯವನ್ನು ಹೇಳಿ ಎದ್ದು ನಡೆಯುತ್ತಿದ್ದಳು. ತಂದೆಗೆ ಇದು ಮಕ್ಕಳಾಟವಾಗಿ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಒತ್ತಡದ ಹೊತ್ತಿನಲ್ಲಿ ಬಾಯಿಗೆ ಬರುವುದು ರೂಢಿಯಾದ ಮಾತು ಮಾತ್ರ.

ಮುಂದಿನ ಸಲ ವಸುಧಾ 300 ಪ್ರಶ್ನೆಗಳಿಗೂ ಉತ್ತರಿಸಿ 161 ಅಂಕ ಪಡೆದಳು. ಎರಡನೆಯ ಭಾಗದ ನಡುವೆ ಕೈ ನಡುಗಿ ಮೌಸ್ ಹಿಡಿಯುವುದೂ ಕಷ್ಟವಾಯಿತಂತೆ. ನಡುಗುವ ಕೈಯಲ್ಲೇ ಮುಂದಿನ ಪ್ರಶ್ನೆ ಒತ್ತಿದೆ ಎಂದಳು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಅದೇ ಅವಧಿಯಲ್ಲಿ ಇದೇ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಇನ್ನೊಬ್ಬ ಯುವಕ 300ಕ್ಕೂ ಉತ್ತರಿಸಿ, ವಿರಾಮದಲ್ಲಿ ಒಂದು ಮಾತೂ ಆಡದೆ, ಸಮಾಧಾನವಾಗಿ ಬರೆದು 118 ಅಂಕ ಪಡೆದ. ಆತನಿಗೆ ಕೊರತೆಯಿದ್ದದ್ದು ಸ್ಥಿಮಿತದಲ್ಲಲ್ಲ, ಓದಿನಲ್ಲಿ. ಜನರಲ್ ಮೆಡಿಸಿನ್, ಶಸ್ತ್ರಚಿಕಿತ್ಸೆ, ಪ್ರಸೂತಿ ಮತ್ತು ಸಮುದಾಯ ವೈದ್ಯಕೀಯ ಈ ನಾಲ್ಕೇ ವಿಷಯಗಳಿಗೆ 125 ಅಂಕಗಳಿರುವ ಪರೀಕ್ಷೆಗೆ ಆತ ಅವನ್ನೇ ಕೊನೆಗೆಂದು ತಳ್ಳಿಟ್ಟಿದ್ದ, ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ. ಆತ ಕಳೆದುಕೊಂಡ ಆರು ತಿಂಗಳಲ್ಲಿ ನನ್ನ ಪಾಲೂ ಇದೆ. ಅಂದಿನಿಂದ ಮೊದಲ ಭೇಟಿಗೆ ಬರುವವರಿಗೆಲ್ಲ ಹಿಂದಿನ ಮೂರು ಮಾದರಿ ಪರೀಕ್ಷೆಗಳ ಅಂಕಗಳನ್ನು, ಮೊದಲ ಭಾಗದ್ದು ಬೇರೆ, ಎರಡನೆಯ ಭಾಗದ್ದು ಬೇರೆಯಾಗಿ ಬರೆದು ತರಲು ಹೇಳುತ್ತೇನೆ. ಎರಡನೆಯದರಲ್ಲಿ ಮಾತ್ರ ಅಂಕ ಕುಸಿದಿದ್ದರೆ ನನ್ನಲ್ಲಿ ಕೂರಿಸಿಕೊಳ್ಳುತ್ತೇನೆ. ಎರಡರಲ್ಲೂ ಕಡಿಮೆಯಿದ್ದರೆ ಕಾಫಿ ಕೊಟ್ಟು, ಪುಸ್ತಕದ ಕಡೆಗೆ ಕಳಿಸುತ್ತೇನೆ.