ಹೈಸ್ಕೂಲಿನಲ್ಲಿ ತುಳು, ಕೊಂಕಣಿ, ಬ್ಯಾರಿ ಹಾಡು: ಎಂಟು ವಾರದಲ್ಲಿ ಕಲಿಸುವುದು ಹೇಗೆ?

ನೀವು ಕೇಳಿದ್ದು: ಉಡುಪಿ ಕಡೆಯ ಹೈಸ್ಕೂಲು, 8 ಮತ್ತು 9ನೇ ತರಗತಿಯ 45 ಮಕ್ಕಳು, ಸಂಗೀತದ ಮೇಷ್ಟ್ರಿಲ್ಲ, ವಾರಕ್ಕೆ ಎರಡು ಪಿರಿಯಡ್, ಎಂಟು ವಾರ. ಅಷ್ಟರಲ್ಲಿ ಕರಾವಳಿಯ ಎಲ್ಲ ಸಮುದಾಯಗಳ ಸಂಗೀತ 15 ನಿಮಿಷದ ಕಾರ್ಯಕ್ರಮವಾಗಬೇಕು.

ಮೊದಲು ಆ ‘ಎಲ್ಲ’ವನ್ನು ಕೈಬಿಡಿ. ಒಂಬತ್ತು ತುಣುಕು ತುರುಕಿದರೆ ವೇಷ ಬದಲಿಸುವುದರಲ್ಲೇ ಹೊತ್ತು ಹೋಗುತ್ತದೆ, ಒಂದು ಹಾಡೂ ಬಾಯಿಗೆ ಕೂರುವುದಿಲ್ಲ. ಮೂರು ಸಾಕು: ತುಳುವಿನ ನಾಟಿ ಪಾಡ್ದನ (ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ಕಥನ ಹಾಡು), ಕೊಂಕಣಿ ಕ್ರೈಸ್ತರ ರೋಸ್ ಶಾಸ್ತ್ರದ (ಮದುವೆಗೆ ಮುಂಚೆ ವಧು-ವರರಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ವೊವಿಯೊ ಹಾಡು, ದಫ್ (ಕೈಯಲ್ಲಿ ಹಿಡಿದು ಬಾರಿಸುವ ಚಪ್ಪಟೆ ಚರ್ಮವಾದ್ಯ) ಜೊತೆಗಿನ, ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆಯ ಮದುವೆ ಹಾಡು. ಮೂರರ ಕಟ್ಟೂ ಒಂದೇ: ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಹಾಗಾಗಿ ಸ್ವರಲಿಪಿ ಬೇಡ, ಒಂದೇ ಕ್ರಮದಲ್ಲಿ ಮೂರನ್ನೂ ಕಲಿಸಬಹುದು.

ಹಾಡನ್ನು ಯೂಟ್ಯೂಬಿನಿಂದ ತೆಗೆಯಬೇಡಿ, ಅಲ್ಲಿ ಕೀಬೋರ್ಡು ಸೇರಿ ಲಯ ಚಪ್ಪಟೆಯಾಗಿರುತ್ತದೆ. ಮಕ್ಕಳ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ ಯಾರಾದರೂ ಹಾಡುವವರಿದ್ದರೆ ಅವರನ್ನು ಕೇಳಿಯೇ ಮೊಬೈಲಿನಲ್ಲಿ ಒಂದೆರಡು ನಿಮಿಷ ರೆಕಾರ್ಡ್ ಮಾಡಿಸಿ. ಸಾಧ್ಯವಾದರೆ ಅವರನ್ನೇ ಒಂದು ಪಿರಿಯಡ್‌ಗೆ ಕರೆಸಿ. ಮೊದಲ ಎರಡು ವಾರ ಮಕ್ಕಳ ಕೈಗೆ ಕಾಗದ ಕೊಡಬೇಡಿ. ತುಳುವಿನ ಎರಡು ಬಗೆಯ ಎಕಾರವಾಗಲಿ, ಕೊಂಕಣಿಯ ಮೂಗಿನ ಉಚ್ಚಾರವಾಗಲಿ ಕನ್ನಡ ಲಿಪಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಓದಿ ಕಲಿತ ಮಗು ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಸಾಲನ್ನು ಮೊದಲು ಮಾತಿನಂತೆ ಹೇಳಿಸಿ, ಆಮೇಲೆ ಚಪ್ಪಾಳೆಯೊಂದಿಗೆ, ಕೊನೆಗೆ ರಾಗದಲ್ಲಿ. ಎತ್ತಿಕೊಡುವ ಮಗು ಆ ಭಾಷೆಯ ಮನೆಯದ್ದಿರಲಿ, ಹಿಡಿಯುವವರು ಎಲ್ಲರೂ ಆಗಲಿ. ಬ್ಯಾರಿ ಮಕ್ಕಳು ಬ್ಯಾರಿ ಹಾಡಿಗೆ ಮಾತ್ರ ಎದ್ದು ನಿಂತರೆ ಇಡೀ ಉದ್ದೇಶವೇ ಕೆಟ್ಟಂತೆ.

ಹೆಚ್ಚಾಗಿ ಎಡವುವುದು ಶ್ರುತಿಯಲ್ಲಿ. ಈ ವಯಸ್ಸಿನ ಹುಡುಗರಲ್ಲಿ ಅರ್ಧ ಜನರ ಸ್ವರ ಒಡೆದಿರುತ್ತದೆ. ಹಾರ್ಮೋನಿಯಂನ ಬಿಳಿ 1ರಲ್ಲಿ (ಮೊದಲ ಬಿಳಿ ಮನೆ) ಹಿಡಿದರೆ ಹುಡುಗಿಯರಿಗೆ ಒಂದೋ ತೀರಾ ತಗ್ಗು, ಇಲ್ಲವೇ ಮೇಲಿನ ಸ್ಥಾಯಿಗೆ ಕಿರುಚಾಟ ಆಗಬಹುದು. ಬಿಳಿ 6 ಅಥವಾ ಕಪ್ಪು 5 ಇಟ್ಟು ನೋಡಿ. ಷಡ್ಜದಿಂದ ಪಂಚಮದೊಳಗೆ (‘ಸ’ದಿಂದ ‘ಪ’ದವರೆಗೆ) ಓಡಾಡುವ ಹಾಡಾದರೆ ಹುಡುಗಿಯರು ತಮ್ಮ ಸ್ಥಾಯಿಯಲ್ಲಿ, ಸ್ವರ ಒಡೆದ ಹುಡುಗರು ಒಂದು ಸ್ಥಾಯಿ ಕೆಳಗೆ ಆರಾಮವಾಗಿ ಹಾಡುತ್ತಾರೆ. ಎರಡರ ನಡುವೆ ಸಿಕ್ಕಿಕೊಂಡವರಿಗೆ ದಫ್ ಕೊಡಿ. ಹಾಡಬೇಡ ಎಂದು ಮಾತ್ರ ಯಾರಿಗೂ ಹೇಳಬೇಡಿ.

ಯಕ್ಷಗಾನವನ್ನು ಈ 15 ನಿಮಿಷಕ್ಕೆ ಎಳೆಯಬೇಡಿ. ಅದಕ್ಕೆ ಬೇರೆಯೇ ವರ್ಷ ಬೇಕು. ಉಡುಪಿಯಲ್ಲಿ ಶಾಲೆಗಳಿಗೆ ಕಲಿಸುವ ಯಕ್ಷಶಿಕ್ಷಣ ಟ್ರಸ್ಟ್ ಇದೆ. ಆದರೆ ಲಯ ಕೂರಿಸಲು ತರಗತಿಯಲ್ಲಿ ಯಕ್ಷಗಾನದ ತ್ರಿವುಡೆ ತಾಳ ಬಳಸಿ: ಏಳು ಮಾತ್ರೆ, 3+2+2, ಬಾಯಲ್ಲಿ ‘ತಕಿಟ ತಕ ದಿಮಿ’. ಸಿನಿಮಾ ಹಾಡಿನ ನಾಲ್ಕು-ಎಂಟಕ್ಕೆ ಒಗ್ಗಿದ ಮಕ್ಕಳು ಕೊನೆಯ ‘ಮಿ’ಯನ್ನು ಎಳೆದು ಎಂಟು ಮಾಡುತ್ತಾರೆ. ‘ಮಿ’ ಮುಗಿಯುವ ಮೊದಲೇ ಮುಂದಿನ ‘ತ’ಕ್ಕೆ ಬಲಗಾಲು ಎತ್ತಿ ಊರಿಸಿ, ಎಳೆಯಲು ಜಾಗವೇ ಇರುವುದಿಲ್ಲ.

ವಾದ್ಯ: ಆರು ದಫ್, ಎರಡು ಗುಮಟೆ (ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ). ಗುಮಟೆಯ ಹಿಂದಿನ ಸಣ್ಣ ಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ ತೆರೆಯುವುದರಲ್ಲೇ ನಾದದ ಆಟವಿದೆ, ಅದನ್ನು ಮೊದಲು ತೋರಿಸಿ. ಹಳೆಯ ಗುಮಟೆಗೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಸಂರಕ್ಷಿತ ಪ್ರಾಣಿ, ಆದ್ದರಿಂದ ಆಡಿನ ಚರ್ಮದ್ದೆಂದು ಕೇಳಿಯೇ ತನ್ನಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ. ನುಡಿಸುವ ಮೊದಲು ಉರಿಯುವ ಹಳೆಯ ಬಲ್ಬಿನ ಹತ್ತಿರ ಸ್ವಲ್ಪ ಹೊತ್ತಿಡಿ, ಒಲೆಯ ಹತ್ತಿರ ಬೇಡ, ಚರ್ಮ ಬಿರಿಯುತ್ತದೆ. ಜೂನ್-ಜುಲೈಯಾದರೆ 16 ಪಿರಿಯಡ್‌ಗಳಲ್ಲಿ 12 ಮಾತ್ರ ಸಿಗುತ್ತದೆಂದು ಲೆಕ್ಕ ಹಾಕಿ, ಮಳೆ ರಜೆ ಡಿಸಿಯವರ ಕೈಯಲ್ಲಿದೆ.

ಪಾಡ್ದನದಲ್ಲಿ ದೈವದ ಭಾಗ ಬೇಡ, ಗದ್ದೆಯ ಹಾಡು ಬೇಕಾದಷ್ಟಿದೆ. ದಫ್ ಹಾಡುಗಳಲ್ಲಿ ಪ್ರಾರ್ಥನೆಯ ಪದಗಳಿದ್ದರೆ ಆ ಮನೆಯವರನ್ನೂ ಉಳಿದ ಹೆತ್ತವರನ್ನೂ ಕೇಳಿ ಆರಿಸಿ. ಕರಾವಳಿಯ ಆದಿವಾಸಿ ಸಮುದಾಯವಾದ ಕೊರಗರ ಡೋಲು ಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಕ್ಕಳಿಗೆ ಮಸಿ ಬಳಿದು, ಸೊಪ್ಪು ಕಟ್ಟಿ ಕುಣಿಸುವುದನ್ನು ಖಂಡಿತ ಒಪ್ಪಬೇಡಿ. ಕೊರಗರನ್ನು ಕೀಳಾಗಿ ಕಂಡು ಬಿಟ್ಟಿ ದುಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 2000ದಲ್ಲಿ ಕಾಯ್ದೆಯನ್ನೇ ತಂದಿದೆ. ಡೋಲು ಬೇಕಿದ್ದರೆ ಆ ಸಮುದಾಯದ ಕಲಾವಿದರನ್ನು ಸಂಭಾವನೆ ಕೊಟ್ಟು, ಗುರುಗಳಾಗಿ ಕರೆಸಿ.

ವೇದಿಕೆಯಲ್ಲಿ ಎತ್ತಿಕೊಡುವವರಿಗೆ ಒಂದು ಮೈಕು, ಗುಂಪಿಗೆ ಎರಡು, ಮಕ್ಕಳಿಂದ ಮೂರಡಿ ದೂರದಲ್ಲಿ. ದಫ್, ಗುಮಟೆಗೆ ಮೈಕು ಬೇಡ, ಅವು ಗುಂಪಿನ ಹಿಂದೆ ಕೂರಲಿ. ಹುಲಿವೇಷದ ತಾಸೆ (ಜೋರು ಸದ್ದಿನ ಚರ್ಮವಾದ್ಯ) ಇಟ್ಟೇ ತೀರಬೇಕೆಂದು ಹೆಡ್‌ಮಾಸ್ಟರ್ ಹಟ ಹಿಡಿದರೆ ಹಾಡುಗಳೆಲ್ಲ ಮುಗಿದ ಮೇಲೆ, ಮೈದಾನದಲ್ಲಿ.